ಅಮ್ಮನ ಸಹಿ: ಕಾಲೇಜಿನ ಶಿಬಿರ, ಸ್ನೇಹ ಮತ್ತು ನಮ್ಮ ಮನೆ



ಹುಣಸಮಾರನಹಳ್ಳಿಯ ಸಂಘದ ಸಭೆಯೊಂದರಲ್ಲಿ ನಡೆದದ್ದು ಹೇಳುತ್ತೇನೆ. ಉಳಿತಾಯ ಕಟ್ಟಿದ್ದಾಯ್ತು, ಸಾಲದ ಕಂತು ಬರೆದದ್ದಾಯ್ತು, ಇನ್ನೇನು ಪುಸ್ತಕ ಮುಚ್ಚಬೇಕು ಅನ್ನುವಾಗ ಒಬ್ಬ ಅಕ್ಕ ತಮ್ಮ ಪಾಸ್‌ಬುಕ್ಕಿನ ಕವರಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟರು.

"ಸಿಸ್ಟರ್, ಇದಕ್ಕೆ ಸಹಿ ಹಾಕ್ಬೇಕಂತೆ. ಮಗಳು ಕಾಲೇಜಿಂದ ತಂದವ್ಳೆ. ಏಳು ದಿನ ಯಾವುದೋ ಹಳ್ಳೀಲಿ ಕ್ಯಾಂಪಂತೆ. ಹುಡುಗ್ರೂ ಇರ್ತಾರಂತೆ. ಶಾಂತಿ, ಸ್ನೇಹ, ಸಂಬಂಧ ಅಂತ ಏನೇನೋ ಭಾಷಣ ಬೇರೆ ಐತಂತೆ. ನಂಗ್ಯಾಕೋ ಸರಿ ಕಾಣಲ್ಲ. ಅವರಪ್ಪಂಗೆ ಇನ್ನೂ ಹೇಳೇ ಇಲ್ಲ."

ಪಕ್ಕದಲ್ಲಿದ್ದವರು "ನಾವು ಓದಕ್ಕೆ ಕಳ್ಸೋದೋ, ಸ್ನೇಹ ಮಾಡಕ್ಕೆ ಕಳ್ಸೋದೋ?" ಅಂದರು. ಎಲ್ಲರೂ ನಕ್ಕರು. ಆ ಅಕ್ಕ ನಗಲಿಲ್ಲ. ಅವರಿಗೆ ನಿಜವಾಗಿಯೂ ಭಯ ಇತ್ತು. ಅವರ ಮನೆಯಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ಆ ಹುಡುಗಿ. ಕಾಲೇಜಿನ ಒಳಗೆ ಏನು ನಡೆಯುತ್ತದೆ ಎಂದು ಅಮ್ಮ ನೋಡಿಲ್ಲ, ಅಜ್ಜಿ ನೋಡಿಲ್ಲ. ಕೇಳೋಣ ಅಂದರೆ ಯಾರನ್ನು ಕೇಳುವುದು?

ಆದ್ದರಿಂದ ಈ ಸಲದ ಪಾಠ ಸಾಲದ ಬಗ್ಗೆ ಅಲ್ಲ, ಈ ಕಾಗದದ ಬಗ್ಗೆ. ನಮ್ಮಲ್ಲಿ ಎಷ್ಟೋ ಜನ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತದ್ದು ಸಂಘಕ್ಕೆ ಬಂದ ಮೇಲೆ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವ ಮೊದಲು ಓದಿಸಿ ಕೇಳುವುದನ್ನೂ ಕಲಿತಿದ್ದೇವೆ. ಮಕ್ಕಳ ಕಾಲೇಜಿನ ಕಾಗದಕ್ಕೂ ಅದೇ ರೀತಿ ಇರಲಿ.

ಈ ಶಿಬಿರ ಎಂದರೇನು?

ಆ ಕಾಗದ ರಾಷ್ಟ್ರೀಯ ಸೇವಾ ಯೋಜನೆಯದ್ದು. ಮಕ್ಕಳು ಎನ್.ಎಸ್.ಎಸ್. ಎನ್ನುತ್ತಾರೆ. ಗಾಂಧೀಜಿಯವರು ಹುಟ್ಟಿ ನೂರು ವರ್ಷ ತುಂಬಿದ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಕೇಂದ್ರ ಸರ್ಕಾರ ಇದನ್ನು 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಶುರು ಮಾಡಿತು. ಈಗ ದೇಶದ ಎಲ್ಲ ರಾಜ್ಯಗಳಲ್ಲೂ ಇದೆ. "ನನಗಲ್ಲ, ನಿನಗೆ" ಎನ್ನುವುದು ಅದರ ಧ್ಯೇಯವಾಕ್ಯ. ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರಕ್ಕೆ ಹೋಗಬೇಕು. ಶಿಬಿರ ಸಾಮಾನ್ಯವಾಗಿ ಒಂದು ಹಳ್ಳಿಯಲ್ಲಿ ನಡೆಯುತ್ತದೆ.

ಅಂಥ ಶಿಬಿರಗಳಿಗೆ ನಾನು ಹಲವು ವರ್ಷಗಳಿಂದ ಮಾತನಾಡಲು ಹೋಗುತ್ತಿದ್ದೇನೆ. ಬೆಳಿಗ್ಗೆ ಬೇಗ ಎದ್ದು ಧ್ವಜಾರೋಹಣ, ಆಮೇಲೆ ಶ್ರಮದಾನ. ಚರಂಡಿ ಬಳಿಯುವುದು, ಶಾಲೆಯ ಗೋಡೆಗೆ ಸುಣ್ಣ ಹೊಡೆಯುವುದು, ಗಿಡ ನೆಡಲು ಗುಂಡಿ ತೋಡುವುದು. ಮಧ್ಯಾಹ್ನ ಉಪನ್ಯಾಸ ಅಥವಾ ಗುಂಪು ಚರ್ಚೆ, ಸಂಜೆ ಊರಿನವರ ಮುಂದೆ ಹಾಡು ನಾಟಕ. ನಾನು ಹೆಚ್ಚು ಗಮನಿಸುವುದು ಅಡುಗೆಯ ಸರದಿಯನ್ನು. ಮಕ್ಕಳನ್ನು ತಂಡ ಮಾಡಿ ಒಂದೊಂದು ದಿನ ಒಂದೊಂದು ತಂಡಕ್ಕೆ ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವ ಕೆಲಸ ಕೊಡುತ್ತಾರೆ. ಮನೆಯಲ್ಲಿ ತಾನು ಉಂಡ ತಟ್ಟೆಯನ್ನೂ ಎತ್ತಿಡದ ಹುಡುಗ ಅಲ್ಲಿ ಎಂಬತ್ತು ಜನರ ಅನ್ನದ ದಬರಿ ತಿಕ್ಕುತ್ತಿರುತ್ತಾನೆ. ತಾಯಂದಿರೇ, ಅದನ್ನು ನೋಡಲಿಕ್ಕಾದರೂ ನೀವು ಒಂದು ಸಲ ಶಿಬಿರಕ್ಕೆ ಬರಬೇಕು.

ಜೊತೆಯಲ್ಲಿ ದುಡಿದು, ಜೊತೆಯಲ್ಲಿ ಉಂಡು, ಒಂದೇ ಸೂರಿನ ಕೆಳಗೆ ಮಲಗಿದವರ ನಡುವೆ ದ್ವೇಷ ಕಷ್ಟ ಎನ್ನುವ ನಂಬಿಕೆ ಶಿಬಿರದ ಹಿಂದೆ ಇದೆ. ಇದನ್ನು ಜೀವನವಿಡೀ ಮಾಡಿ ತೋರಿಸಿದವರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್. 1942ರಲ್ಲಿ, ಹದಿಮೂರು ವರ್ಷದ ಹುಡುಗನಾಗಿದ್ದಾಗ, ಭಾರತ ಬಿಟ್ಟು ತೊಲಗಿ ಚಳವಳಿಯಲ್ಲಿ ಗೋಡೆಬರಹ ಬರೆದು ಪೊಲೀಸರ ಕೈಗೆ ಸಿಕ್ಕವರು ಅವರು. ಮುಂದೆ ರಾಷ್ಟ್ರೀಯ ಯುವ ಯೋಜನೆ ಎಂಬ ಸಂಸ್ಥೆ ಕಟ್ಟಿ ದೇಶದ ಉದ್ದಗಲಕ್ಕೂ ಯುವಜನ ಶಿಬಿರ ನಡೆಸಿದರು. ಬೇರೆ ಬೇರೆ ರಾಜ್ಯದ, ಭಾಷೆಯ, ಧರ್ಮದ ಹುಡುಗ ಹುಡುಗಿಯರನ್ನು ಒಂದೇ ಕಡೆ ಸೇರಿಸಿ ಮಣ್ಣು ಹೊರಿಸುವುದು, ಹಲವು ಭಾಷೆಯಲ್ಲಿ ಹಾಡಿಸುವುದು, ಎಲ್ಲ ಧರ್ಮಗಳ ಪ್ರಾರ್ಥನೆ ಮಾಡಿಸುವುದು ಅವರ ಪದ್ಧತಿ. 1972ರಲ್ಲಿ ಚಂಬಲ್ ಕಣಿವೆಯ ನೂರಾರು ಡಕಾಯಿತರು ಜಯಪ್ರಕಾಶ ನಾರಾಯಣರ ಮುಂದೆ ಶಸ್ತ್ರ ಕೆಳಗಿಟ್ಟರಲ್ಲ, ಆ ಕೆಲಸದ ಹಿಂದೆ ಜೌರಾ ಎಂಬಲ್ಲಿ ಆಶ್ರಮ ಮಾಡಿಕೊಂಡು ಕುಳಿತಿದ್ದ ಸುಬ್ಬರಾವ್ ಅವರ ದುಡಿಮೆಯೂ ಇತ್ತು. ಮಕ್ಕಳು ಅವರನ್ನು ಭಾಯಿಜಿ ಎನ್ನುತ್ತಿದ್ದರು. ಅರ್ಧ ಚಡ್ಡಿ, ಖಾದಿ ಅಂಗಿಯಲ್ಲೇ ಓಡಾಡುತ್ತಿದ್ದ ಅವರು 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಶಾಂತಿ ದೂರದ ಮಾತಲ್ಲ

"ಶಾಂತಿ ಅಂದ್ರೆ ಗಡಿಯಲ್ಲಿ ಯುದ್ಧ ನಿಲ್ಲೋದು ಅಲ್ವಾ ಸಿಸ್ಟರ್, ನಮ್ಮ ಮಕ್ಕಳಿಗೆ ಯಾಕೆ?" ಎಂದು ಅದೇ ಸಭೆಯಲ್ಲಿ ಒಬ್ಬರು ಕೇಳಿದರು. ವಿಶ್ವಸಂಸ್ಥೆ ಸೆಪ್ಟೆಂಬರ್ 21ನ್ನು ಶಾಂತಿ ದಿನ, ಜುಲೈ 30ನ್ನು ಸ್ನೇಹ ದಿನ ಎಂದು ಗೊತ್ತು ಮಾಡಿದೆ. ಕಾಲೇಜುಗಳಲ್ಲಿ ಆ ದಿನ ಪೋಸ್ಟರ್ ಅಂಟಿಸಿ, ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು ಮುಗಿಸುವವರೂ ಇದ್ದಾರೆ. ಅದು ಬಿಡಿ. ನಮ್ಮ ಊರಿನ ಮಾತನ್ನೇ ತೆಗೆದುಕೊಳ್ಳೋಣ.

ನಮ್ಮ ಹುಣಸಮಾರನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು 1986ರಿಂದ ಇದೆ. ದಂತ ವೈದ್ಯಕೀಯ ಕಾಲೇಜು ಇದೆ. ಸುತ್ತಮುತ್ತ ಯಲಹಂಕ, ಕಟ್ಟಿಗೇನಹಳ್ಳಿ, ಹೆಬ್ಬಾಳದ ಕಡೆ ಇನ್ನೂ ಎಷ್ಟೋ ಇವೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲಂತೂ ದ್ರಾಕ್ಷಿ ತೋಟ, ಹೂವಿನ ತೋಟ ಇದ್ದ ಕಡೆ ಪಿ.ಜಿ.ಗಳು ಎದ್ದಿವೆ. ಬಿಹಾರ, ಜಾರ್ಖಂಡ್, ಅಸ್ಸಾಂ, ಮಣಿಪುರ, ಕೇರಳ, ಆಂಧ್ರದ ಮಕ್ಕಳು ನಮ್ಮ ಬೀದಿಯಲ್ಲೇ ಓಡಾಡುತ್ತಾರೆ. ನಿಮ್ಮಲ್ಲೇ ಕೆಲವರು ಅವರಿಗೆ ರೂಮು ಬಾಡಿಗೆಗೆ ಕೊಟ್ಟಿದ್ದೀರಿ, ಊಟದ ಡಬ್ಬಿ ಕಳಿಸುತ್ತೀರಿ, ಸಾಲ ತೆಗೆದು ಜೆರಾಕ್ಸ್ ಅಂಗಡಿ ಇಟ್ಟವರೂ ಇದ್ದೀರಿ.

2012ರ ಆಗಸ್ಟ್ ತಿಂಗಳು ನಿಮಗೆ ನೆನಪಿದೆಯಾ? ಆಗ ಅಸ್ಸಾಮಿನಲ್ಲಿ ಗಲಭೆ ಆಗಿತ್ತು. ಅದಕ್ಕೆ ಸೇಡಾಗಿ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ನಡೆಯುತ್ತದೆ ಎಂದು ಮೊಬೈಲ್ ಮೆಸೇಜುಗಳಲ್ಲಿ ಸುಳ್ಳು ಸುದ್ದಿ ಹರಡಿತು. ಸ್ವಾತಂತ್ರ್ಯ ದಿನದ ಆಸುಪಾಸಿನ ಎರಡು ಮೂರು ದಿನಗಳಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಸಿಟಿ ರೈಲು ನಿಲ್ದಾಣಕ್ಕೆ ಹೋದರು. ಅದರಲ್ಲಿ ಸೆಕ್ಯುರಿಟಿ ಕೆಲಸದವರು, ಹೋಟೆಲಿನವರು, ಬ್ಯೂಟಿ ಪಾರ್ಲರ್ ಹುಡುಗಿಯರು, ಕಾಲೇಜು ವಿದ್ಯಾರ್ಥಿಗಳು ಎಲ್ಲ ಇದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನ ಒಟ್ಟೊಟ್ಟಿಗೆ ಮೆಸೇಜು ಕಳಿಸುವುದನ್ನೇ ನಿಲ್ಲಿಸಿತು, ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಕಳಿಸುವ ಹಾಗಿರಲಿಲ್ಲ.

ನನಗೆ ಗೊತ್ತಿದ್ದ ಒಬ್ಬ ಸಂಘದ ಅಕ್ಕನ ಮನೆಯ ಮಹಡಿ ಮೇಲೆ ಆಗ ಇಬ್ಬರು ಮಣಿಪುರದ ಹುಡುಗಿಯರಿದ್ದರು. ಅವರೂ ಬ್ಯಾಗು ತುಂಬಿಸಿದ್ದರು. ಈ ಅಕ್ಕ ಮೇಲೆ ಹೋಗಿ, ಬಂದಷ್ಟು ಹಿಂದಿಯಲ್ಲಿ, "ಕೆಳಗೆ ನಮ್ಮ ಜೊತೆ ಮಲಗಿ, ಯಾರು ಬರ್ತಾರೋ ನಾನು ನೋಡ್ತೀನಿ" ಅಂದರಂತೆ. ಮೂರು ರಾತ್ರಿ ಆ ಮಕ್ಕಳು ಇವರ ನಡುಮನೆಯಲ್ಲೇ ಮಲಗಿದರು. ಯಾರೂ ಬರಲಿಲ್ಲ. ಅಕ್ಕನನ್ನು ನಾನು ಹೊಗಳಿದಾಗ ಅವರು ಹೇಳಿದ್ದು ಬೇರೆ: "ಎರಡು ವರ್ಷದಿಂದ ನಮ್ಮ ಮಹಡಿ ಮೇಲಿದ್ರು ಸಿಸ್ಟರ್. ಅಲ್ಲೀವರೆಗೂ ಅವರ ಹೆಸರು ನಂಗೆ ಸರಿಯಾಗಿ ಗೊತ್ತಿರ್ಲಿಲ್ಲ. ಬಾಡಿಗೆ ಮಾತ್ರ ಗೊತ್ತಿತ್ತು."

ಕಾಲೇಜಿನ ಶಾಂತಿ ಕಾರ್ಯಕ್ರಮ ಸರಿಯಾಗಿ ನಡೆದರೆ ಮಕ್ಕಳು ಕಲಿಯುವುದು ಇದನ್ನೇ. ಪಕ್ಕದ ಬೆಂಚಿನವರ ಹೆಸರು, ಊರು, ಊಟ, ಹಬ್ಬ ತಿಳಿದಿದ್ದರೆ ಮೊಬೈಲಿನಲ್ಲಿ ಬಂದ ಸುಳ್ಳನ್ನು ಅಷ್ಟು ಬೇಗ ನಂಬುವುದಿಲ್ಲ.

ಹೆಸರಿಲ್ಲದ ಚೀಟಿಗಳು

ಇನ್ನು ಆ ಅಕ್ಕನಿಗೆ ಹೆಚ್ಚು ಭಯ ಹುಟ್ಟಿಸಿದ "ಸಂಬಂಧ" ಎಂಬ ಪದಕ್ಕೆ ಬರೋಣ.

ಕಾಲೇಜಿನಲ್ಲಿ ಈ ವಿಷಯ ಮಾತನಾಡುವಾಗ ನಾನು ಮೊದಲು ಒಂದು ಡಬ್ಬ ಇಡುತ್ತೇನೆ. ಹೆಸರು ಬರೆಯದೆ, ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಹಾಕಿ ಎನ್ನುತ್ತೇನೆ. ಮೊದಲ ಸಲ ಹೀಗೆ ಮಾಡಿದಾಗ ತಮಾಷೆಯ ಚೀಟಿಗಳೇ ಬರುತ್ತವೆ ಅಂದುಕೊಂಡಿದ್ದೆ. ಒಂದೆರಡು ಬರುತ್ತವೆ ಕೂಡ. ಆದರೆ ಉಳಿದ ಚೀಟಿಗಳನ್ನು ರಾತ್ರಿ ಕೂತು ಓದುವಾಗ ನನಗೆ ನಿದ್ದೆ ಬಂದಿಲ್ಲ. ಯಾರದೆಂದು ಗುರುತು ಸಿಗದ ಹಾಗೆ ಮಾತು ಬದಲಿಸಿ ಕೆಲವನ್ನು ಹೇಳುತ್ತೇನೆ. ಹಾಸ್ಟೆಲಿನಲ್ಲಿ ನಾನು ಮುಟ್ಟಿದ ನೀರಿನ ಬಾಟಲಿಯನ್ನು ರೂಮಿನವಳು ತೊಳೆದು ಕುಡಿಯುತ್ತಾಳೆ, ಅವಳು ನನ್ನ ಸ್ನೇಹಿತೆಯಾ? ನಾನು ಬೇಡ ಎಂದರೆ ಅವನು ಕೈ ಕುಯ್ದುಕೊಳ್ಳುತ್ತೇನೆ ಎನ್ನುತ್ತಾನೆ, ತಪ್ಪು ನನ್ನದಾ? ಅವಳು ನನ್ನ ಜೊತೆ ಮಾತು ಬಿಟ್ಟ ಮೇಲೆ ಪುಸ್ತಕ ಹಿಡಿಯಲು ಆಗುತ್ತಿಲ್ಲ, ಗಂಡಸು ಅಳಬಾರದಾ? ಫೋನಿನ ಪಾಸ್‌ವರ್ಡ್ ಕೊಡದಿದ್ದರೆ ಪ್ರೀತಿ ಇಲ್ಲ ಎಂದು ಅರ್ಥವಾ?

ಪ್ರತಿ ಡಬ್ಬದಲ್ಲೂ, ಯಾವ ಕಾಲೇಜಾದರೂ, ಒಂದು ಮಾತು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ: "ಅಮ್ಮನಿಗೆ ಹೇಳಿದರೆ ಕಾಲೇಜು ಬಿಡಿಸುತ್ತಾರೆ."

ಸಹೋದರಿಯರೇ, ಈ ಚೀಟಿ ಹುಡುಗಿಯರದ್ದು. ಹುಡುಗರು ಇದನ್ನು ಬರೆಯುವುದಿಲ್ಲ, ಅವರನ್ನು ಯಾರೂ ಬಿಡಿಸುವುದಿಲ್ಲವಲ್ಲ.

ಹಾಗಾದರೆ ಅಲ್ಲಿ ನಾವು ಏನು ಕಲಿಸುತ್ತೇವೆ? ಪ್ರೀತಿ ಮಾಡಿ ಎಂದೂ ಕಲಿಸುವುದಿಲ್ಲ, ಮಾಡಬೇಡಿ ಎಂದೂ ಕಲಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲ್ಯಗಳನ್ನು ಹೇಳಿದೆ. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ಅರಿಯುವುದು, ಯೋಚಿಸಿ ನಿರ್ಧಾರ ಮಾಡುವುದು, ಸರಿಯಾಗಿ ಮಾತನಾಡುವುದು, ಸಿಟ್ಟು ದುಃಖ ಬಂದಾಗ ನಿಭಾಯಿಸುವುದು ಎಲ್ಲ ಅದರಲ್ಲಿ ಬರುತ್ತವೆ. ನಮ್ಮ ನಿಮ್ಹಾನ್ಸ್ ಸಂಸ್ಥೆಯವರು ಇದನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಪಾಠ ಮಾಡಿದ್ದಾರೆ. ರಾಜ್ಯದ ಯುವಜನ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಕೈಗೊಂಡ "ಯುವ ಸ್ಪಂದನ" ಕಾರ್ಯಕ್ರಮದಲ್ಲೂ ಆರೋಗ್ಯ, ಓದು, ಸುರಕ್ಷತೆಯ ಜೊತೆಗೆ ಸಂಬಂಧಗಳ ವಿಷಯವನ್ನು ಸೇರಿಸಿದ್ದಾರೆ.

ಒಂದು ಚಿಕ್ಕ ಆಟ ಮಾಡಿಸುತ್ತೇವೆ. ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಎರಡು ನಿಮಿಷ ತಮ್ಮ ಮನಸ್ಸಿಗೆ ಬೇಸರ ತಂದ ಒಂದು ಸಂಗತಿ ಹೇಳಬೇಕು. ಎದುರಿನವರು ಮಧ್ಯೆ ಬಾಯಿ ಹಾಕಬಾರದು, ಬುದ್ಧಿ ಹೇಳಬಾರದು, "ಇಷ್ಟೇನಾ" ಎನ್ನಬಾರದು. ಮುಗಿದ ಮೇಲೆ ಕೇಳಿದ್ದನ್ನು ತಿರುಗಿ ಹೇಳಬೇಕು, ಅಷ್ಟೇ. ನೋಡಿದರೆ ಸುಲಭ. ಆದರೆ ಎರಡು ನಿಮಿಷ ಸುಮ್ಮನೆ ಕೇಳಲು ಎಷ್ಟೋ ಮಕ್ಕಳ ಕೈಲಿ ಆಗುವುದಿಲ್ಲ. ಉಪನ್ಯಾಸಕರ ಕೈಲೂ ಆಗುವುದಿಲ್ಲ. ನನ್ನ ಕೈಲೂ ಮೊದಮೊದಲು ಆಗುತ್ತಿರಲಿಲ್ಲ. ಇನ್ನೊಂದು ಆಟದಲ್ಲಿ "ಇಲ್ಲ, ನನಗೆ ಬೇಡ" ಎಂದು ಜೋರಾಗಿ, ನಗದೆ, ಕ್ಷಮೆ ಕೇಳದೆ ಹೇಳುವುದನ್ನು ಅಭ್ಯಾಸ ಮಾಡಿಸುತ್ತೇವೆ. ಹೇಳುವುದು ಮಾತ್ರವಲ್ಲ, ಕೇಳಿಸಿಕೊಂಡವರು "ಸರಿ" ಎಂದು ಹೇಳಿ ಎರಡು ಹೆಜ್ಜೆ ಹಿಂದೆ ಹೋಗುವುದನ್ನೂ.

ಈ ಎರಡನೆಯ ಭಾಗವೇ ಬಹಳ ಮುಖ್ಯ ಎಂದು ನನಗೆ ಈಗೀಗ ಅನ್ನಿಸುತ್ತಿದೆ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಎಂ.ಸಿ.ಎ. ಓದುತ್ತಿದ್ದ ಹುಡುಗಿಯೊಬ್ಬಳನ್ನು ಕಾಲೇಜಿನ ಆವರಣದಲ್ಲೇ ಚಾಕುವಿನಿಂದ ಇರಿದು ಕೊಂದದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದಿರಿ. ಹಿಂದೆ ಅವಳ ಜೊತೆ ಓದಿದ್ದ ಹುಡುಗನನ್ನು ಪೊಲೀಸರು ಬಂಧಿಸಿದರು. ಆಮೇಲೆ ಅವರವರ ಧರ್ಮ ಯಾವುದು ಎನ್ನುವುದರ ಮೇಲೆ ವಾರಗಟ್ಟಲೆ ಮಾತು ನಡೆಯಿತು. ಆ ಸಮಯದಲ್ಲಿ ನಮ್ಮ ಸಂಘಗಳಲ್ಲಿ ನಾನು ಕೇಳಿದ ಮಾತು ಒಂದೇ: "ಹೆಣ್ಮಕ್ಕಳನ್ನು ಹುಷಾರಾಗಿ ನೋಡ್ಕೋಬೇಕು ಸಿಸ್ಟರ್." ಸರಿ, ನೋಡಿಕೊಳ್ಳೋಣ. ಆದರೆ ಗಂಡುಮಕ್ಕಳು ಯಾರ ಮನೆಯಲ್ಲಿ ಬೆಳೆಯುತ್ತಿದ್ದಾರೆ? ನಮ್ಮ ಮನೆಯಲ್ಲೇ ತಾನೆ. ಅಂಗಡಿಯಲ್ಲಿ ಬೇಕೆಂದು ಅತ್ತ ಆಟಿಕೆ ಕೊಡಿಸದಿದ್ದರೆ ಮಗ ನೆಲಕ್ಕೆ ಬಿದ್ದು ಹೊರಳುತ್ತಾನೆ ಎಂದು ಕೊಡಿಸಿದವರು ನಾವು. ಅಕ್ಕನ ತಟ್ಟೆಯ ಮೊಟ್ಟೆ ತಮ್ಮನಿಗೆ ಹಾಕಿದವರು ನಾವು. "ಇಲ್ಲ" ಎನ್ನುವ ಪದವನ್ನು ಇಪ್ಪತ್ತು ವರ್ಷ ಕೇಳದೆ ಬೆಳೆದ ಹುಡುಗನಿಗೆ ಅದನ್ನು ಮೊದಲ ಸಲ ಒಬ್ಬ ಹುಡುಗಿ ಹೇಳಿದಾಗ ಅದು ಅವಮಾನದಂತೆ ಕೇಳಿಸುತ್ತದೆ.

ಗಂಡುಮಕ್ಕಳ ತಾಯಂದಿರು ಇನ್ನೊಂದನ್ನೂ ತಿಳಿದಿರಬೇಕು. ಹುಡುಗಿಗೆ 18 ವರ್ಷ ತುಂಬಿರದಿದ್ದರೆ, ಅವಳೇ ಒಪ್ಪಿದ್ದಳು ಎಂದರೂ, 2012ರ ಪೋಕ್ಸೊ ಕಾಯ್ದೆ ಆ ಒಪ್ಪಿಗೆಯನ್ನು ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ. ಪಿ.ಯು.ಸಿ. ಮತ್ತು ಡಿಗ್ರಿ ಮೊದಲ ವರ್ಷದಲ್ಲಿ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ. ಇದನ್ನು ಮಗನಿಗೆ ಹೇಳಲು ನಾಚಿಕೆ ಪಟ್ಟರೆ ಮುಂದೆ ಠಾಣೆಯಲ್ಲಿ ಕೇಳಿ ತಿಳಿಯಬೇಕಾಗುತ್ತದೆ.

ನಾನು ಮಾಡಿದ ತಪ್ಪು

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಾನು ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆಗಿತ್ತು. ಬೇರೆ ಊರು. ಒಬ್ಬ ತಾಯಿ ಬಂದು, ಮಗಳು ಕಾಲೇಜಿನ ಯಾವುದೋ ಹುಡುಗನ ಜೊತೆ ಬಸ್ ನಿಲ್ದಾಣದಲ್ಲಿ ಮಾತನಾಡುತ್ತಿದ್ದಳಂತೆ, ಬೀದಿಯಲ್ಲೆಲ್ಲ ಮಾತಾಗಿದೆ, ಏನು ಮಾಡಲಿ ಎಂದು ಅತ್ತರು. ನಾನು ಆ ಹುಡುಗಿಯನ್ನು ಕರೆದು ಒಂದು ಮಾತೂ ಕೇಳಲಿಲ್ಲ. ತಾಯಿಯ ಕಣ್ಣೀರು ನೋಡಿ, "ಎರಡು ವಾರ ಮನೆಯಲ್ಲೇ ಇರಲಿ, ಮಾತು ತಣ್ಣಗಾಗಲಿ, ಆಮೇಲೆ ಕಳಿಸಿ" ಎಂದುಬಿಟ್ಟೆ. ನನಗೆ ಅದು ಜಾಣತನದ ಸಲಹೆ ಅನ್ನಿಸಿತ್ತು.

ಎರಡು ವಾರ ಎರಡು ತಿಂಗಳಾಯಿತು. ಪರೀಕ್ಷೆ ತಪ್ಪಿತು. ಅಷ್ಟರಲ್ಲಿ ಸಂಬಂಧ ಕೂಡಿಬಂತು ಎಂದು ಮದುವೆ ಮಾಡಿದರು. ವರ್ಷಗಳಾದ ಮೇಲೆ ಆ ಹುಡುಗಿ ಮಗುವನ್ನು ಎತ್ತಿಕೊಂಡು ಸಿಕ್ಕಳು. ಸಿಟ್ಟಿನಿಂದ ಮಾತನಾಡಲಿಲ್ಲ. "ಅವತ್ತು ಅವನು ನನ್ನ ಹತ್ರ ಲೆಕ್ಕದ ನೋಟ್ಸ್ ಕೇಳ್ತಿದ್ದ ಸಿಸ್ಟರ್" ಎಂದು ಮಾತ್ರ ಹೇಳಿದಳು.

ಅವನು ನೋಟ್ಸ್ ಕೇಳದೆ ಬೇರೇನೋ ಕೇಳಿದ್ದರೂ ನಾನು ಮಾಡಿದ್ದು ತಪ್ಪೇ. ಅವಳ ಎರಡು ನಿಮಿಷದ ಮಾತನ್ನು ನಾನು ಕೇಳಲಿಲ್ಲ. ಚೀಟಿಯ ಡಬ್ಬ ಇಡುವುದನ್ನು ನಾನು ಶುರು ಮಾಡಿದ್ದು ಅವಳು ಸಿಕ್ಕಿದ ಮೇಲೆ.

ಕಾಗದದಲ್ಲಿ ಏನು ನೋಡಬೇಕು, ಯಾರನ್ನು ಕೇಳಬೇಕು

ಹಾಗೆಂದು ತಂದ ಕಾಗದಕ್ಕೆಲ್ಲ ಕಣ್ಣು ಮುಚ್ಚಿ ಸಹಿ ಹಾಕಿ ಎಂದು ನಾನು ಹೇಳುವುದಿಲ್ಲ. ತಾಯಿಗೆ ಕೇಳುವ ಹಕ್ಕಿದೆ. ಶಿಬಿರ ಯಾವ ಊರಿನಲ್ಲಿ, ಹುಡುಗಿಯರು ಎಲ್ಲಿ ಮಲಗುತ್ತಾರೆ, ಶೌಚಾಲಯ ಹೇಗಿದೆ, ಜೊತೆಗೆ ಯಾವ ಮಹಿಳಾ ಉಪನ್ಯಾಸಕರು ರಾತ್ರಿಯೂ ಇರುತ್ತಾರೆ, ಅವರ ಫೋನ್ ನಂಬರು ಏನು. ಇಷ್ಟನ್ನು ಕೇಳಿದರೆ ಒಳ್ಳೆಯ ಉಪನ್ಯಾಸಕರು ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಇನ್ನೊಂದು ಸಲ ಕೇಳಿ. ಮಾತ್ರೆ, ಮುಟ್ಟಿನ ಬಟ್ಟೆ ಅಥವಾ ಪ್ಯಾಡ್, ಟಾರ್ಚು ಕೊಟ್ಟು ಕಳಿಸಿ.

ಕಾಲೇಜು ಸೇರಿಸುವಾಗ ನೀವು ಇನ್ನೊಂದು ಕಾಗದಕ್ಕೆ ಒಪ್ಪಿಗೆ ಕೊಟ್ಟಿರುತ್ತೀರಿ, ಬಹಳ ಜನಕ್ಕೆ ನೆನಪಿಲ್ಲ. ಅದು ರ್‍ಯಾಗಿಂಗ್ ಮಾಡುವುದಿಲ್ಲ ಎಂಬ ಮುಚ್ಚಳಿಕೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗನೊಬ್ಬ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಸತ್ತ. ಅದೇ ವರ್ಷ ಯು.ಜಿ.ಸಿ. ನಿಯಮ ತಂದು, ವಿದ್ಯಾರ್ಥಿ ಮತ್ತು ತಂದೆತಾಯಿ ಇಬ್ಬರೂ ಮುಚ್ಚಳಿಕೆ ಕೊಡಬೇಕು ಎಂದು ಮಾಡಿತು. ಅಂದರೆ ನಿಮ್ಮ ಮಗ ಚಿಕ್ಕವರನ್ನು ಪೀಡಿಸುವುದಿಲ್ಲ ಎಂದು ನೀವೂ ಮಾತು ಕೊಟ್ಟಿದ್ದೀರಿ. ಅವನನ್ನು ಯಾರಾದರೂ ಪೀಡಿಸಿದರೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ ಇದೆ: 1800-180-5522.

ಹಾಗೆಯೇ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ರಾಜಸ್ಥಾನದ ಭಂವರಿ ದೇವಿ ಎಂಬ ಹಳ್ಳಿಯ ಕಾರ್ಯಕರ್ತೆಗೆ ಆದ ಅನ್ಯಾಯದಿಂದ ಎದ್ದ ವಿಶಾಖಾ ಮೊಕದ್ದಮೆಯಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2013ರಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂತು, 2015ರಲ್ಲಿ ಯು.ಜಿ.ಸಿ. ಕಾಲೇಜುಗಳಿಗೆಂದೇ ನಿಯಮ ಮಾಡಿತು. ಸಮಿತಿಗೆ ಮಹಿಳೆಯೇ ಅಧ್ಯಕ್ಷೆ. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಶಿಬಿರಕ್ಕೆ ಹೋದಲ್ಲಿ ನಡೆದರೂ ದೂರು ಕೊಡಬಹುದು. ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಮನೆಮನೆಗೆ ಹೋಗುತ್ತಿದ್ದ ಬಡ ಹೆಂಗಸು. ಇವತ್ತು ಇಂಜಿನಿಯರಿಂಗ್ ಕಾಲೇಜಿನ ಹುಡುಗಿಗೆ ರಕ್ಷಣೆ ಇದೆ ಎಂದರೆ ಅದು ಅವರಂಥವರು ಕೋರ್ಟಿನ ಬಾಗಿಲು ಬಿಡದೆ ನಿಂತದ್ದರಿಂದ.

ಮಗ ಅಥವಾ ಮಗಳು ಊಟ ಬಿಟ್ಟು, ಮಾತು ಬಿಟ್ಟು, ಸಾಯುವ ಮಾತು ಆಡಿದರೆ "ನಾಟಕ" ಎನ್ನಬೇಡಿ. 14416ಕ್ಕೆ ಫೋನು ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮಹಿಳೆಯರಿಗೆ 181, ಹದಿನೆಂಟರೊಳಗಿನ ಮಕ್ಕಳಿಗೆ 1098, ತುರ್ತಿಗೆ 112. ಫೋಟೋ ಇಟ್ಟುಕೊಂಡು ಹೆದರಿಸಿ ದುಡ್ಡು ಕೇಳಿದರೆ 1930. ಈ ನಂಬರುಗಳನ್ನು ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದುಕೊಳ್ಳಿ. ಪಾಸ್‌ಬುಕ್ಕು ಕಳೆಯುವುದಿಲ್ಲವಲ್ಲ.

ಆ ಅಕ್ಕ ಏನು ಮಾಡಿದರು?

ಆ ದಿನ ಸಹಿ ಹಾಕಲಿಲ್ಲ. ಎರಡು ದಿನ ಬಿಟ್ಟು ಅರ್ಧ ದಿನದ ಕೂಲಿ ಬಿಟ್ಟು ಕಾಲೇಜಿಗೇ ಹೋಗಿ, ಮಹಿಳಾ ಉಪನ್ಯಾಸಕರನ್ನು ಕಂಡು ಎಲ್ಲ ಕೇಳಿಕೊಂಡು ಬಂದರು. ರಾತ್ರಿ ಯಜಮಾನರಿಗೆ ತಾವೇ ಹೇಳಿದರು. ಮನೆಯಲ್ಲಿ ಸ್ವಲ್ಪ ಜೋರು ಮಾತಾಯಿತಂತೆ. "ನೀನೇ ಹೊಣೆ" ಎಂದು ಅವರು ಎದ್ದು ಹೋದರಂತೆ. "ಹೂಂ, ನಾನೇ ಹೊಣೆ" ಎಂದು ಸಹಿ ಹಾಕಿದರು.

ಮಗಳು ಶಿಬಿರದಿಂದ ಬಂದ ರಾತ್ರಿ ಅಮ್ಮನ ಪಕ್ಕ ಮಲಗಿ ಬಹಳ ಹೊತ್ತು ಮಾತನಾಡಿದಳಂತೆ. ಏನು ಮಾತನಾಡಿದಳು ಎಂದು ಸಂಘದಲ್ಲಿ ಎಲ್ಲರೂ ಕೇಳಿದರು. "ಅದು ನಮ್ಮಿಬ್ಬರದು" ಎಂದು ಅಕ್ಕ ಹೇಳಲಿಲ್ಲ. ನನಗೆ ಅದು ಬಹಳ ಇಷ್ಟವಾಯಿತು. ಒಂದನ್ನು ಮಾತ್ರ ಹೇಳಿದರು. ಶಿಬಿರದಲ್ಲಿ ಪಾತ್ರೆ ತೊಳೆಯುವ ತಂಡದಲ್ಲಿದ್ದ ಹುಡುಗರು ತಳ ಹಿಡಿದ ಪಾತ್ರೆಗೆ ಬೂದಿ ಹಾಕಿ ನೆನೆಸಬೇಕು ಎಂದು ಗೊತ್ತಿಲ್ಲದೆ ಒಂದು ಗಂಟೆ ಒದ್ದಾಡಿದರಂತೆ.

ಸಂಘದ ಸಭೆಯಲ್ಲಿ ಚರ್ಚೆಗೆ

ಮುಂದಿನ ಸಭೆಯಲ್ಲಿ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಇಡಿ. ಮೊದಲು ಇಬ್ಬಿಬ್ಬರು ಕೂತು ಆ ಎರಡು ನಿಮಿಷದ ಆಟ ಆಡಿ ನೋಡಿ. ಯಾರಿಗೆ ಮಧ್ಯೆ ಬಾಯಿ ಹಾಕದೆ ಇರಲು ಆಯಿತು? ನಿಮ್ಮ ಮಗಳು ಅಥವಾ ಮಗ ಕಾಲೇಜಿನ ಸ್ನೇಹಿತರಲ್ಲಿ ಯಾರ ಹೆಸರನ್ನು ನಿಮಗೆ ಹೇಳಿದ್ದಾರೆ? ಆ ಹೆಸರು ಕೇಳಿದಾಗ ನಿಮ್ಮ ಬಾಯಿಂದ ಬಂದ ಮೊದಲ ಪ್ರಶ್ನೆ ಏನು, ಓದಿನದ್ದೋ ಜಾತಿಯದ್ದೋ? ನಿಮ್ಮ ಮನೆಯಲ್ಲಿ ಬಾಡಿಗೆಗೆ ಇರುವ, ನಿಮ್ಮಿಂದ ಊಟದ ಡಬ್ಬಿ ತೆಗೆದುಕೊಳ್ಳುವ ಹೊರ ರಾಜ್ಯದ ಮಕ್ಕಳ ಹೆಸರು, ಊರು ನಿಮಗೆ ಗೊತ್ತಿದೆಯಾ? ಮಗನಿಗೆ "ಇಲ್ಲ" ಎಂದು ಕೊನೆಯ ಸಲ ಹೇಳಿದ್ದು ಯಾವಾಗ, ಆಗ ಅವನು ಏನು ಮಾಡಿದ?

ಚರ್ಚೆಯಲ್ಲಿ ಬಂದದ್ದನ್ನು ಪ್ರತಿನಿಧಿಗಳು ಠರಾವು ಪುಸ್ತಕದಲ್ಲಿ ಬರೆಯಿರಿ, ಮಕ್ಕಳ ಹೆಸರು ಮಾತ್ರ ಬರೆಯಬೇಡಿ. ಯಾವುದಾದರೂ ಕಾಲೇಜಿನ ಕಾಗದ ಅರ್ಥವಾಗದಿದ್ದರೆ ಮಡಿಸಿ ಪಾಸ್‌ಬುಕ್ಕಿನ ಕವರಿನಲ್ಲಿ ಇಟ್ಟುಕೊಂಡು ಬನ್ನಿ, ಒಟ್ಟಿಗೆ ಓದೋಣ.